ಎಡಿಸನ್ ಬದುಕು ಮತ್ತು ಬಲ್ಬಿನ ಆಯಸ್ಸು: ಮುಚ್ಚಿದ ಗಾಜಿನೊಳಗೆ ಎಲ್‌ಇಡಿ ಬೇಗ ಹೋಗುವುದೇಕೆ?

ಥಾಮಸ್ ಆಲ್ವಾ ಎಡಿಸನ್ ತೀರಿಕೊಂಡಿದ್ದು 1931ರಲ್ಲಿ. ಆದರೆ ನಮ್ಮ ಮೊಬೈಲ್‌ಗಳಲ್ಲಿ ಅವರು ಇನ್ನೂ ಓಡಾಡುತ್ತಲೇ ಇದ್ದಾರೆ. ಅಮ್ಮಂದಿರ ದಿನ ಬಂತೆಂದರೆ ಅವರ ತಾಯಿ ಓದಿ ಹೇಳಿದ ಪತ್ರದ ಕಥೆ ಬರುತ್ತದೆ. ಪರೀಕ್ಷೆಯ ಫಲಿತಾಂಶದ ವಾರದಲ್ಲಿ ಅವರು ಸಾವಿರ ಸಲ ಸೋತು ಗೆದ್ದ ಕಥೆ ಬರುತ್ತದೆ. ಇನ್ನೊಂದು ಫಾರ್ವರ್ಡ್‌ನಲ್ಲಿ ನೂರು ವರ್ಷದಿಂದ ಉರಿಯುತ್ತಿರುವ ಒಂದು ಬಲ್ಬಿನ ವಿಡಿಯೋ ಇರುತ್ತದೆ. ಆಗಿನ ವಸ್ತುಗಳೇ ಗಟ್ಟಿ, ಈಗಿನದೆಲ್ಲ ಮೋಸ ಎಂಬುದು ಅದರ ತಾತ್ಪರ್ಯ.

ಗೇಟಿನ ಕಂಬದ ಮೇಲಿನ ಗಾಜಿನ ಗೋಳದೊಳಗೋ, ಬಚ್ಚಲುಮನೆಯ ಮುಚ್ಚಿದ ಲೈಟಿನೊಳಗೋ ಹಾಕಿದ ಎಲ್‌ಇಡಿ ಬಲ್ಬ್ ವರ್ಷ ತುಂಬುವ ಮೊದಲೇ ಕೈಕೊಟ್ಟಿದ್ದರೆ, ಆ ವಿಡಿಯೋ ನಿಜವೇ ಇರಬೇಕು ಎಂದು ನಿಮಗೂ ಅನ್ನಿಸಿರಬಹುದು. ಪೆಟ್ಟಿಗೆಯ ಮೇಲೆ 25,000 ಗಂಟೆ ಎಂದು ಬರೆದಿರುತ್ತದೆ. ದಿನಕ್ಕೆ 5 ಗಂಟೆ ಉರಿಸಿದರೂ ಅದು 13 ವರ್ಷಕ್ಕಿಂತ ಹೆಚ್ಚು ಬರಬೇಕು. ಹಾಗಾದರೆ ತಪ್ಪು ಎಲ್ಲಿದೆ?

ಇದಕ್ಕೆ ಉತ್ತರ ಹುಡುಕಲು ಎಡಿಸನ್ ಅವರ ಬದುಕೇ ಒಳ್ಳೆಯ ದಾರಿ. ಬಲ್ಬನ್ನು ಹೊತ್ತಿಸುವುದು ಅವರಿಗಿಂತ ಮುಂಚೆಯೇ ಹಲವರಿಗೆ ಗೊತ್ತಿತ್ತು. ಅದನ್ನು ಆರದಂತೆ ಉಳಿಸಿಕೊಳ್ಳುವುದು ಗೊತ್ತಿರಲಿಲ್ಲ. ಅವರು ವರ್ಷಗಟ್ಟಲೆ ಗುದ್ದಾಡಿದ್ದು ಬಿಸಿಯ ಜೊತೆ. ನಿಮ್ಮ ಗೇಟ್ ಲೈಟಿನೊಳಗೆ ಇಂದು ಬಲ್ಬನ್ನು ಕೊಲ್ಲುತ್ತಿರುವುದೂ ಅದೇ ಬಿಸಿ.

ಸಂಕ್ಷಿಪ್ತವಾಗಿ

• ತಾಯಿ ಬಚ್ಚಿಟ್ಟ ಪತ್ರದ ಕಥೆಗೆ ಆಧಾರವಿಲ್ಲ. ಸಾವಿರ ಸೋಲಿನ ಕಥೆ ಬಲ್ಬಿಗೆ ಸೇರಿದ್ದಲ್ಲ.
• ಎಡಿಸನ್ ಬಲ್ಬನ್ನು ಮೊದಲು ಹೊತ್ತಿಸಿದವರಲ್ಲ. ದೀರ್ಘಕಾಲ ಉರಿಯುವ, ಮನೆಗೆ ಹೊಂದುವ ಬಲ್ಬನ್ನೂ ಅದಕ್ಕೆ ಬೇಕಾದ ವಿದ್ಯುತ್ ವ್ಯವಸ್ಥೆಯನ್ನೂ ಕಟ್ಟಿದವರು.
• ನೂರು ವರ್ಷದ ಬಲ್ಬ್ ಇರುವುದು ನಿಜ. ಆದರೆ ಅದು ಜೀರೋ ಬಲ್ಬಿನಷ್ಟೇ ಬೆಳಕು ಕೊಡುತ್ತದೆ.
• ಎಲ್‌ಇಡಿ ಬಲ್ಬಿಗೂ ಬಿಸಿ ಇದೆ. ಗಾಳಿಯಾಡದ ಫಿಟ್ಟಿಂಗ್‌ನಲ್ಲಿ ಕಡಿಮೆ ವ್ಯಾಟ್‌ನ, ಅಂಥ ಜಾಗಕ್ಕೆಂದೇ ಗುರುತಿಸಿದ ಬಲ್ಬ್ ಮಾತ್ರ ಬಾಳಿಕೆ ಬರುತ್ತದೆ.

ಶಾಲೆಯ ಪತ್ರದ ಕಥೆ ನಿಜವೇ?

ಎಡಿಸನ್ ಹುಟ್ಟಿದ್ದು 1847ರ ಫೆಬ್ರವರಿ 11ರಂದು, ಅಮೆರಿಕದ ಒಹಾಯೋ ರಾಜ್ಯದ ಮಿಲನ್ ಎಂಬ ಊರಿನಲ್ಲಿ. ಅವರಿಗೆ 7 ವರ್ಷವಾದಾಗ ಕುಟುಂಬ ಮಿಷಿಗನ್ ರಾಜ್ಯದ ಪೋರ್ಟ್ ಹ್ಯೂರಾನ್‌ಗೆ ಬಂತು. ಅಲ್ಲಿ ಶಾಲೆಗೆ ಹೋಗಿದ್ದು ಕೆಲವೇ ತಿಂಗಳು.

ಫಾರ್ವರ್ಡ್ ಹೇಳುವುದು ಹೀಗೆ: ಶಾಲೆಯವರು ಒಂದು ಪತ್ರ ಕೊಟ್ಟು ಕಳಿಸಿದರು. ಮಗ ಮಹಾ ಬುದ್ಧಿವಂತ, ಅವನಿಗೆ ಕಲಿಸುವ ಶಿಕ್ಷಕರು ನಮ್ಮಲ್ಲಿಲ್ಲ ಎಂದು ಅದರಲ್ಲಿ ಬರೆದಿರುವುದಾಗಿ ತಾಯಿ ಕಣ್ಣೀರಿಡುತ್ತಾ ಓದಿ ಹೇಳಿದರು. ತಾಯಿ ತೀರಿಕೊಂಡ ಎಷ್ಟೋ ವರ್ಷಗಳ ಬಳಿಕ, ಜಗತ್ಪ್ರಸಿದ್ಧರಾಗಿದ್ದ ಎಡಿಸನ್ ಕೈಗೆ ಆ ಪತ್ರ ಸಿಕ್ಕಾಗ ಅದರಲ್ಲಿ ಮಗ ದಡ್ಡ ಎಂದು ಬರೆದಿತ್ತು.

ಕಥೆ ಮನಮುಟ್ಟುವಂತಿದೆ, ಆದರೆ ಅಂಥ ಪತ್ರವೇ ಇಲ್ಲ. ಎಡಿಸನ್ ದೊಡ್ಡವರಾದ ಮೇಲೆ ತಾವೇ ಹೇಳಿಕೊಂಡಿದ್ದು ಬೇರೆ. ಮೇಷ್ಟ್ರು ತನ್ನ ತಲೆ ಸರಿಯಿಲ್ಲ ಎಂದದ್ದನ್ನು ಹುಡುಗ ಸ್ವತಃ ಕೇಳಿಸಿಕೊಂಡಿದ್ದರು. ಅಳುತ್ತಾ ಮನೆಗೆ ಬಂದು ತಾಯಿಗೆ ಹೇಳಿದರು. ತಾಯಿ ನ್ಯಾನ್ಸಿ ಶಾಲೆಗೆ ಹೋಗಿ ಮೇಷ್ಟ್ರ ಜೊತೆ ಜಗಳವಾಡಿ, ಮಗನನ್ನು ಬಿಡಿಸಿಕೊಂಡು ಬಂದು ಮನೆಯಲ್ಲೇ ಪಾಠ ಹೇಳಿದರು. ಮದುವೆಗೆ ಮುಂಚೆ ಅವರೂ ಶಿಕ್ಷಕಿಯಾಗಿದ್ದವರು. ಅಂದರೆ ಬಯ್ಗುಳ ಹುಡುಗನಿಗೆ ಅಂದೇ ಗೊತ್ತಿತ್ತು, ಮುಚ್ಚಿಡಲು ಏನೂ ಇರಲಿಲ್ಲ. ನಿಜವಾದ ಕಥೆಯಲ್ಲೂ ತಾಯಿಯ ದೊಡ್ಡತನಕ್ಕೆ ಕೊರತೆಯಿಲ್ಲ. ಸುಳ್ಳು ಪತ್ರವನ್ನು ಸೇರಿಸುವ ಅಗತ್ಯವೇ ಇರಲಿಲ್ಲ.

ರೈಲಿನಲ್ಲಿ ಪತ್ರಿಕೆ ಮಾರುತ್ತಿದ್ದ ಹುಡುಗ

12ನೇ ವಯಸ್ಸಿಗೆ ಎಡಿಸನ್ ಪೋರ್ಟ್ ಹ್ಯೂರಾನ್‌ನಿಂದ ಡೆಟ್ರಾಯ್ಟ್‌ಗೆ ಓಡುವ ರೈಲಿನಲ್ಲಿ ಪತ್ರಿಕೆ, ಮಿಠಾಯಿ ಮಾರಲು ಶುರುಮಾಡಿದರು. ಸಾಮಾನಿನ ಬೋಗಿಯ ಮೂಲೆಯಲ್ಲಿ ರಾಸಾಯನಿಕಗಳನ್ನಿಟ್ಟುಕೊಂಡು ಪ್ರಯೋಗ ನಡೆಸಿದರು. ಬೋಗಿಗೆ ಬೆಂಕಿ ತಗುಲಿದ ಮೇಲೆ ಅದು ನಿಂತಿತು. ಚಿಕ್ಕಂದಿನಲ್ಲೇ ಕಿವಿ ಮಂದವಾಯಿತು, ಕೊನೆಯವರೆಗೂ ಸರಿಹೋಗಲಿಲ್ಲ.

1862ರಲ್ಲಿ ಒಬ್ಬ ಸ್ಟೇಷನ್ ಮಾಸ್ಟರ್‌ನ ಮೂರು ವರ್ಷದ ಮಗು ಹಳಿಯ ಮೇಲಿದ್ದಾಗ ಎಡಿಸನ್ ಓಡಿಹೋಗಿ ಎತ್ತಿಕೊಂಡರು. ಆ ಋಣಕ್ಕೆ ಮಗುವಿನ ತಂದೆ ಅವರಿಗೆ ಟೆಲಿಗ್ರಾಫ್ ಕೆಲಸ ಕಲಿಸಿದರು. ತಂತಿಯಲ್ಲಿ ಹರಿಯುವ ವಿದ್ಯುತ್ತಿನ ಪರಿಚಯ ಅವರಿಗೆ ಆದದ್ದು ಹೀಗೆ. ಮುಂದೆ ತಮ್ಮ ಮೊದಲ ಇಬ್ಬರು ಮಕ್ಕಳನ್ನು ಅವರು ಕರೆಯುತ್ತಿದ್ದದ್ದೇ ಡಾಟ್, ಡ್ಯಾಶ್ ಎಂದು. ಟೆಲಿಗ್ರಾಫ್ ಸಂಕೇತದ ಚುಕ್ಕಿ ಮತ್ತು ಗೆರೆ!

1869ರಲ್ಲಿ ಅವರಿಗೆ ಮೊದಲ ಪೇಟೆಂಟ್ ಸಿಕ್ಕಿತು. ಶಾಸನಸಭೆಯಲ್ಲಿ ಮತಗಳನ್ನು ಬೇಗ ಎಣಿಸುವ ಯಂತ್ರ ಅದು. ಮತದಾನ ಬೇಗ ಮುಗಿಯುವುದು ರಾಜಕಾರಣಿಗಳಿಗೇ ಬೇಕಿರಲಿಲ್ಲ. ಯಂತ್ರ ಮಾರಾಟವಾಗಲಿಲ್ಲ. ಜನರಿಗೆ ಬೇಡದ್ದನ್ನು ಇನ್ನು ಮುಂದೆ ಮಾಡುವುದಿಲ್ಲ ಎಂದು ಅವರು ಅಂದೇ ನಿರ್ಧರಿಸಿದರು. 1876ರಲ್ಲಿ ನ್ಯೂಜೆರ್ಸಿಯ ಮೆನ್ಲೋ ಪಾರ್ಕ್‌ನಲ್ಲಿ ದೊಡ್ಡ ಪ್ರಯೋಗಾಲಯ ಕಟ್ಟಿದರು. ಮರುವರ್ಷ ಧ್ವನಿಯನ್ನು ಹಿಡಿದಿಟ್ಟು ಮತ್ತೆ ಕೇಳಿಸುವ ಫೋನೋಗ್ರಾಫ್ ಬಂದು ಹೆಸರು ಲೋಕಕ್ಕೆಲ್ಲ ಹಬ್ಬಿತು.

ಬಲ್ಬನ್ನು ಕಂಡುಹಿಡಿದವರು ಎಡಿಸನ್ ಒಬ್ಬರೇನಾ?

ಅಲ್ಲ. 19ನೇ ಶತಮಾನದ ಆರಂಭದಲ್ಲೇ ಇಂಗ್ಲೆಂಡಿನ ಹಂಫ್ರಿ ಡೇವಿ ವಿದ್ಯುತ್ತಿನಿಂದ ಬೆಳಕು ತೋರಿಸಿದ್ದರು. ಜೋಸೆಫ್ ಸ್ವಾನ್ ಎಂಬ ಇಂಗ್ಲಿಷ್ ವಿಜ್ಞಾನಿ ಎಡಿಸನ್ ಅವರ ಕಾಲದಲ್ಲೇ ಇಂಗಾಲದ ಕಡ್ಡಿಯ ಬಲ್ಬ್ ಮಾಡಿ, 1879ರ ಆರಂಭದಲ್ಲಿ ನ್ಯೂಕ್ಯಾಸಲ್‌ನಲ್ಲಿ ಜನರ ಮುಂದೆ ಹೊತ್ತಿಸಿದರು. ಮುಂದೆ ಇಬ್ಬರೂ ಕೋರ್ಟಿನಲ್ಲಿ ಹೊಡೆದಾಡುವ ಬದಲು ಇಂಗ್ಲೆಂಡಿನಲ್ಲಿ ಒಂದೇ ಕಂಪನಿ ಮಾಡಿಕೊಂಡರು. ಹೀಗಾಗಿ ಎಡಿಸನ್ ಬಲ್ಬನ್ನು ಕದ್ದರು ಎಂಬ ಫಾರ್ವರ್ಡ್ ಕೂಡ ಪೂರ್ತಿ ಸರಿಯಲ್ಲ, ಅವರೊಬ್ಬರೇ ಕಂಡುಹಿಡಿದರು ಎಂಬ ಪಾಠವೂ ಪೂರ್ತಿ ಸರಿಯಲ್ಲ.

ಎಲ್ಲರಿಗೂ ಇದ್ದ ತೊಂದರೆ ಒಂದೇ. ಬೆಳಕು ಬರಬೇಕಾದರೆ ಎಳೆ ಕೆಂಪಗೆ, ಆಮೇಲೆ ಬೆಳ್ಳಗೆ ಕಾಯಬೇಕು. ಅಷ್ಟು ಕಾದರೆ ಅದು ಕರಗುತ್ತದೆ, ಇಲ್ಲವೇ ಗಾಳಿಯಲ್ಲಿನ ಆಮ್ಲಜನಕ ತಾಗಿ ಸುಟ್ಟು ಹೋಗುತ್ತದೆ. ಬೆಳಕಿಗೆ ಬಿಸಿ ಬೇಕು, ಆ ಬಿಸಿಯೇ ಬಲ್ಬಿನ ಸಾವು.

1878ರ ಶರತ್ಕಾಲದಲ್ಲಿ ಎಡಿಸನ್ ಈ ಕೆಲಸಕ್ಕೆ ಕೈಹಾಕಿದರು. ಕೆಲವೇ ವಾರಗಳಲ್ಲಿ ಮುಗಿಸುತ್ತೇನೆಂದು ಪತ್ರಿಕೆಗಳಿಗೆ ಹೇಳಿಬಿಟ್ಟರು. ಗ್ಯಾಸ್ ದೀಪದ ಕಂಪನಿಗಳ ಷೇರು ಬೆಲೆ ಕುಸಿಯಿತು. ಕೆಲಸ ಮಾತ್ರ ಅಷ್ಟು ಸುಲಭದ್ದಾಗಿರಲಿಲ್ಲ, ವರ್ಷಕ್ಕೂ ಹೆಚ್ಚು ಹಿಡಿಯಿತು.

ಮೊದಲು ಅವರು ಪ್ಲಾಟಿನಂ ತಂತಿ ಹಿಡಿದರು. ಅದು ಕರಗುವುದು ಸುಮಾರು 1,770 ಡಿಗ್ರಿ ಸೆಲ್ಸಿಯಸ್‌ಗೆ. ಒಳ್ಳೆಯ ಬೆಳಕು ಬರುವ ಬಿಸಿಗೂ ಕರಗುವ ಬಿಸಿಗೂ ಹೆಚ್ಚು ಅಂತರವಿರಲಿಲ್ಲ. ಹಾಗಾಗಿ ತಂತಿ ತೀರಾ ಕಾದಾಗ ಕರೆಂಟನ್ನು ತಾನಾಗಿ ತಪ್ಪಿಸಿ, ತಣಿದಾಗ ಮತ್ತೆ ಕೊಡುವ ಒಂದು ಪುಟ್ಟ ನಿಯಂತ್ರಕವನ್ನು ಬಲ್ಬಿಗೇ ಜೋಡಿಸಿದರು. ಬೆಳಕು ಮಿಣುಕಿತು, ಯೋಜನೆ ಕೈಬಿಟ್ಟಿತು. ಈ ಅಂಶ ನೆನಪಿಡಿ. ಇಂದಿನ ಕೆಲವು ಉತ್ತಮ ಎಲ್‌ಇಡಿ ಬಲ್ಬ್‌ಗಳು ಬಿಸಿ ಹೆಚ್ಚಾದಾಗ ತಾವಾಗಿ ಬೆಳಕು ತಗ್ಗಿಸಿಕೊಳ್ಳುವುದು ಇದೇ ಯೋಚನೆಯಿಂದ.

ಮೊದಲ ಬಲ್ಬ್ ಎಷ್ಟು ಹೊತ್ತು ಉರಿಯಿತು?

ಪ್ಲಾಟಿನಂ ಸೋತರೂ ಒಂದು ಪಾಠ ಕಲಿಸಿತು. ಬಲ್ಬಿನೊಳಗಿನ ಗಾಳಿಯನ್ನು ಎಷ್ಟು ಪೂರ್ತಿಯಾಗಿ ಹೊರತೆಗೆದರೆ ಎಳೆ ಅಷ್ಟು ಬಾಳುತ್ತದೆ. ಪಾದರಸದ ಪಂಪಿನಿಂದ ಗಾಳಿ ತೆಗೆಯುವ ವಿಧಾನವನ್ನು ಅವರ ತಂಡ ಚೊಕ್ಕ ಮಾಡಿಕೊಂಡಿತು. ತಂಡ ಎಂಬ ಮಾತು ಇಲ್ಲಿ ಮುಖ್ಯ. ಪ್ರಯೋಗಗಳಿಗೆ ಚಾರ್ಲ್ಸ್ ಬ್ಯಾಚಲರ್, ಲೆಕ್ಕಕ್ಕೆ ಫ್ರಾನ್ಸಿಸ್ ಅಪ್ಟನ್, ಗಾಜು ಊದಲು ಲುಡ್ವಿಗ್ ಬೋಮ್, ಯಂತ್ರ ಮಾಡಲು ಜಾನ್ ಕ್ರೂಸಿ ಇದ್ದರು.

ಎಡಿಸನ್ ಎಳೆಯನ್ನು ತೀರಾ ತೆಳ್ಳಗೆ, ಹೆಚ್ಚು ರೋಧವಿರುವಂತೆ ಮಾಡಿದರು. ಇದರಿಂದ ಕಡಿಮೆ ಕರೆಂಟ್ ಸಾಕಾಗುತ್ತಿತ್ತು, ಊರಿಗೆಲ್ಲ ಎಳೆಯಬೇಕಾದ ತಾಮ್ರದ ತಂತಿಯ ಖರ್ಚೂ ಇಳಿಯುತ್ತಿತ್ತು.

1879ರ ಅಕ್ಟೋಬರ್ 22ರ ನಸುಕಿನ ಒಂದೂವರೆ ಗಂಟೆಗೆ ಸುಟ್ಟು ಇಂಗಾಲವಾಗಿಸಿದ ಹೊಲಿಗೆ ನೂಲಿನ ಬಲ್ಬನ್ನು ಹೊತ್ತಿಸಿದರು. ಅದು 40 ಗಂಟೆ ಉರಿಯಿತು ಎಂದು ಹಲವು ಕಡೆ ಓದಿರುತ್ತೀರಿ. ಪ್ರಯೋಗಾಲಯದ ಪುಸ್ತಕದಲ್ಲಿ ಬರೆದಿರುವುದು 13 ಗಂಟೆ 30 ನಿಮಿಷ. ಆಮೇಲೆ ಇನ್ನಷ್ಟು ಬೆಳಕು ಬರಲೆಂದು ಕರೆಂಟ್ ಹೆಚ್ಚಿಸಿದರು. ಸುಮಾರು ಒಂದು ಗಂಟೆ ಪ್ರಖರವಾಗಿ ಬೆಳಗಿ ಗಾಜು ಬಿರುಕುಬಿಟ್ಟಿತು. ಬಲ್ಬಿನ ಇಡೀ ವಿಜ್ಞಾನ ಆ ಒಂದು ದಿನದಲ್ಲೇ ಇದೆ: ಮಂದವಾಗಿ ಉರಿಸಿದರೆ ಬಾಳುತ್ತದೆ, ಜೋರಾಗಿ ಉರಿಸಿದರೆ ಬೇಗ ಸಾಯುತ್ತದೆ.

ನೂಲಿನ ಬಳಿಕ ಸುಟ್ಟ ರಟ್ಟು ಬಂತು. 1879ರ ಡಿಸೆಂಬರ್ 31ರ ರಾತ್ರಿ ಮೆನ್ಲೋ ಪಾರ್ಕ್‌ನಲ್ಲಿ ಜನ ರೈಲಿನಲ್ಲಿ ಬಂದು ವಿದ್ಯುತ್ ದೀಪಗಳನ್ನು ನೋಡಿ ಹೋದರು. 1880ರ ಬೇಸಿಗೆಯಲ್ಲಿ ಬೀಸಣಿಗೆಯ ಅಂಚಿನ ಬಿದಿರನ್ನು ಸುಟ್ಟು ನೋಡಿದಾಗ ಅದು ರಟ್ಟಿಗಿಂತ ಚೆನ್ನಾಗಿ ಬಾಳಿತು. ಅಲ್ಲಿಂದ ಬಿದಿರಿನ ಬೇಟೆ ಶುರು. ಜಪಾನಿನ ಕ್ಯೋಟೋ ಬಳಿಯ ಯಾವಾತದ ಬಿದಿರು ಎಲ್ಲಕ್ಕಿಂತ ಉತ್ತಮವಾಗಿತ್ತು. ಅದರ ಎಳೆ 1,200 ಗಂಟೆಗೂ ಹೆಚ್ಚು ಉರಿಯಿತು. ಇನ್ನೂ ಒಳ್ಳೆಯದು ಸಿಗಬಹುದೆಂದು ಅಮೆಜಾನ್ ಕಾಡಿಗೆ ಒಬ್ಬರನ್ನು ಕಳಿಸಿದರು. 1888ರಲ್ಲಿ ಜೇಮ್ಸ್ ರಿಕಾಲ್ಟನ್ ಎಂಬ ಶಾಲಾ ಶಿಕ್ಷಕರು ಇದೇ ಕೆಲಸಕ್ಕೆ ಸಿಲೋನ್, ಭಾರತ, ಬರ್ಮಾಗಳನ್ನು ಸುತ್ತಿದರು.

ಸಾವಿರ ಸಲ ಸೋತ ಕಥೆ

ಎಡಿಸನ್ ಬಲ್ಬ್ ಮಾಡುವಾಗ ಸಾವಿರ ಸಲ ಸೋತರು, ಕೆಲವು ಫಾರ್ವರ್ಡ್‌ಗಳಲ್ಲಿ ಹತ್ತು ಸಾವಿರ ಸಲ. ಸೋಲಲಿಲ್ಲ, ಕೆಲಸ ಮಾಡದ ದಾರಿಗಳನ್ನು ತಿಳಿದುಕೊಂಡೆ ಎಂಬರ್ಥದ ಮಾತನ್ನೂ ಅವರ ಬಾಯಲ್ಲಿ ಹೇಳಿಸಲಾಗುತ್ತದೆ. ಇದರ ಮೂಲ 1910ರಲ್ಲಿ ಬಂದ ಅವರ ಜೀವನಚರಿತ್ರೆಯಲ್ಲಿದೆ. ಅಲ್ಲಿ ಅವರ ಸಹೋದ್ಯೋಗಿ ವಾಲ್ಟರ್ ಮ್ಯಾಲರಿ ನೆನಪಿಸಿಕೊಂಡಿರುವುದು ಬ್ಯಾಟರಿಯ ಪ್ರಯೋಗಗಳನ್ನು, ಬಲ್ಬಿನದ್ದನ್ನಲ್ಲ. ಕಥೆ ಬಾಯಿಂದ ಬಾಯಿಗೆ ಹೋಗುತ್ತಾ ಬಲ್ಬಿಗೆ ಅಂಟಿಕೊಂಡಿತು, ಸಂಖ್ಯೆಯೂ ಬದಲಾಗುತ್ತಾ ಹೋಯಿತು.

ಗಾಜಿನ ಮೇಲಿನ ಕಪ್ಪು ಕಲೆ

ಬಲ್ಬ್ ಕೆಲ ದಿನ ಉರಿದ ಮೇಲೆ ಗಾಜಿನ ಒಳಭಾಗ ಕಪ್ಪಾಗುತ್ತಿತ್ತು. ಬಿಸಿಗೆ ಎಳೆಯಿಂದ ಇಂಗಾಲ ಹಾರಿ ಗಾಜಿಗೆ ಅಂಟುತ್ತಿತ್ತು. ಎಳೆ ಸವೆಯುತ್ತಿತ್ತು, ಬೆಳಕೂ ತಗ್ಗುತ್ತಿತ್ತು. ಇದನ್ನು ತಡೆಯಲು ಎಡಿಸನ್ ಬಲ್ಬಿನೊಳಗೆ ಇನ್ನೊಂದು ಲೋಹದ ತುಂಡನ್ನು ಇಟ್ಟು ನೋಡಿದರು. ಎಳೆಗೂ ಅದಕ್ಕೂ ನಡುವೆ ಖಾಲಿ ಜಾಗವಿದ್ದರೂ ಕರೆಂಟ್ ಹರಿಯಿತು! ಕಾರಣ ಅವರಿಗೆ ತಿಳಿಯಲಿಲ್ಲ. 1883ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿ ಮುಂದೆ ಹೋದರು.

ಇದಕ್ಕೆ ಎಡಿಸನ್ ಪರಿಣಾಮ ಎಂಬ ಹೆಸರು ಬಂತು. ಹಾರುತ್ತಿದ್ದದ್ದು ಎಲೆಕ್ಟ್ರಾನುಗಳು ಎಂದು ತಿಳಿದದ್ದು 1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ ಬಳಿಕ. 1904ರಲ್ಲಿ ಜಾನ್ ಆಂಬ್ರೋಸ್ ಫ್ಲೆಮಿಂಗ್ ಇದೇ ತತ್ವದಿಂದ ರೇಡಿಯೋ ವಾಲ್ವ್ ಮಾಡಿದರು. ಬಲ್ಬ್ ಏಕೆ ಸಾಯುತ್ತದೆ ಎಂಬ ಹುಡುಕಾಟ ಎಲೆಕ್ಟ್ರಾನಿಕ್ಸ್‌ನ ಬಾಗಿಲು ತೆರೆಯಿತು. ಇಂದಿನ ಎಲ್‌ಇಡಿ ಬಲ್ಬ್ ಕೂಡ ಒಂದು ಎಲೆಕ್ಟ್ರಾನಿಕ್ ಉಪಕರಣವೇ.

ನ್ಯೂಯಾರ್ಕ್‌ನಿಂದ ಶಿವನಸಮುದ್ರದವರೆಗೆ

1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕ್‌ನ ಪರ್ಲ್ ಸ್ಟ್ರೀಟ್ ವಿದ್ಯುತ್ ಕೇಂದ್ರ ಶುರುವಾಯಿತು. ಡೈನಮೋ, ನೆಲದಡಿಯ ತಂತಿ, ಮೀಟರ್, ಫ್ಯೂಸ್, ಹೋಲ್ಡರ್ ಎಲ್ಲವನ್ನೂ ಎಡಿಸನ್ ತಂಡವೇ ರೂಪಿಸಬೇಕಾಯಿತು. ತಿರುಗಿಸಿ ಕೂರಿಸುವ ಬಲ್ಬಿನ ಬುಡಕ್ಕೆ ಇಂದಿಗೂ ಇ27 ಎನ್ನುತ್ತಾರೆ. ಇ ಎಂದರೆ ಎಡಿಸನ್, 27 ಎಂದರೆ ಬುಡದ ಅಗಲ ಮಿಲಿಮೀಟರ್‌ಗಳಲ್ಲಿ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಎರಡು ಪಿನ್ನಿನ ಬುಡ ಬಿ22.

ಎಡಿಸನ್ ಅವರ ವ್ಯವಸ್ಥೆ ಡಿಸಿ. ದೂರದ ಊರುಗಳಿಗೆ ವಿದ್ಯುತ್ ಸಾಗಿಸಲು ಎಸಿ ಉತ್ತಮ ಎಂದು ಜಾರ್ಜ್ ವೆಸ್ಟಿಂಗ್‌ಹೌಸ್, ನಿಕೋಲಾ ಟೆಸ್ಲಾ ತೋರಿಸಿದಾಗ ಎಡಿಸನ್ ಒಪ್ಪಲಿಲ್ಲ. ಎಸಿ ಅಪಾಯಕಾರಿ ಎಂದು ತೋರಿಸಲು ಅವರ ಪ್ರಯೋಗಾಲಯದಲ್ಲಿ ಪ್ರಾಣಿಗಳನ್ನು ಕರೆಂಟ್ ಕೊಟ್ಟು ಕೊಂದದ್ದು ಅವರ ಬದುಕಿನ ಕಪ್ಪು ಪುಟ. ಆದರೆ ಇದೇ ಜಗಳಕ್ಕಾಗಿ ಟಾಪ್ಸಿ ಎಂಬ ಆನೆಯನ್ನು ಕೊಂದರು ಎಂಬ ಫಾರ್ವರ್ಡ್ ತಪ್ಪು. ಅದು ನಡೆದದ್ದು 1903ರಲ್ಲಿ. ಅಷ್ಟರಲ್ಲಿ ಜಗಳ ಮುಗಿದು ಹತ್ತು ವರ್ಷವಾಗಿತ್ತು. ಅವರ ಹೆಸರಿನ ಸಿನಿಮಾ ಕಂಪನಿ ಅದನ್ನು ಚಿತ್ರೀಕರಿಸಿತ್ತು, ಅಷ್ಟೇ.

1892ರಲ್ಲಿ ಎಡಿಸನ್ ಕಂಪನಿ ಇನ್ನೊಂದರ ಜೊತೆ ವಿಲೀನವಾಗಿ ಜನರಲ್ ಎಲೆಕ್ಟ್ರಿಕ್ ಆಯಿತು. ಹೆಸರಿನಿಂದ ಎಡಿಸನ್ ಹೋಯಿತು, ಆಡಳಿತದಿಂದ ಅವರೂ ಹೊರಬಂದರು. ಅದೇ ಜನರಲ್ ಎಲೆಕ್ಟ್ರಿಕ್‌ನ ಯಂತ್ರಗಳು ಮೈಸೂರು ಸಂಸ್ಥಾನಕ್ಕೆ ಬಂದವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಹರಿಯಿತು. ಅಷ್ಟು ದೂರ ಹರಿಯಲು ಸಾಧ್ಯವಾದದ್ದು ಎಡಿಸನ್ ವಿರೋಧಿಸಿದ್ದ ಎಸಿಯಿಂದ. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಏಷ್ಯಾದಲ್ಲೇ ಮೊದಲು ವಿದ್ಯುತ್ ದೀಪ ಕಂಡ ನಗರ ಬೆಂಗಳೂರು ಎಂಬ ಫಾರ್ವರ್ಡ್ ಮಾತ್ರ ಸರಿಯಲ್ಲ. ಟೋಕಿಯೋದಲ್ಲಿ 1880ರ ದಶಕದಲ್ಲೇ, ಕಲ್ಕತ್ತಾದಲ್ಲಿ 1899ರಲ್ಲೇ ವಿದ್ಯುತ್ ಪೂರೈಕೆ ಶುರುವಾಗಿತ್ತು.

ಕೊನೆಯ ವರ್ಷಗಳು

ಎಡಿಸನ್ ಅವರ ಮೊದಲ ಪತ್ನಿ ಮೇರಿ 1884ರಲ್ಲಿ ತೀರಿಕೊಂಡರು. 1886ರಲ್ಲಿ ಮೀನಾ ಮಿಲ್ಲರ್ ಅವರನ್ನು ಮದುವೆಯಾದರು. ಕಬ್ಬಿಣದ ಅದಿರಿನ ಉದ್ಯಮಕ್ಕೆ ಕೈಹಾಕಿ ಅಪಾರ ಹಣ ಕಳೆದುಕೊಂಡರು. ಸಿನಿಮಾ, ಸಿಮೆಂಟ್, ಬ್ಯಾಟರಿ ಎಲ್ಲದರಲ್ಲೂ ಕೆಲಸ ಮಾಡಿದರು. ಅಮೆರಿಕದಲ್ಲಿ ಅವರ ಹೆಸರಿನಲ್ಲಿ 1,093 ಪೇಟೆಂಟ್‌ಗಳಿವೆ.

ಬಲ್ಬನ್ನು ಮುಂದಕ್ಕೆ ಒಯ್ದವರು ಬೇರೆಯವರು. 1910ರ ಹೊತ್ತಿಗೆ ವಿಲಿಯಂ ಕೂಲಿಡ್ಜ್ ಟಂಗ್‌ಸ್ಟನ್ನನ್ನು ಎಳೆಯಾಗಿ ಎಳೆಯುವ ದಾರಿ ಕಂಡುಕೊಂಡರು. 1913ರಲ್ಲಿ ಇರ್ವಿಂಗ್ ಲ್ಯಾಂಗ್ಮ್ಯೂರ್ ಬಲ್ಬಿನೊಳಗೆ ಜಡ ಅನಿಲ ತುಂಬಿದರೆ ಎಳೆ ಸವೆಯುವುದು ನಿಧಾನವಾಗುತ್ತದೆ ಎಂದು ತೋರಿಸಿದರು. ನಮ್ಮ ಹಳೆಯ ಬುರುಡೆ ಬಲ್ಬ್ ಇವರೆಲ್ಲರ ಕೂಸು.

1931ರ ಅಕ್ಟೋಬರ್ 18ರಂದು ಎಡಿಸನ್ ತೀರಿಕೊಂಡರು. ಅವರ ಗೌರವಾರ್ಥ ಇಡೀ ದೇಶದ ವಿದ್ಯುತ್ತನ್ನು ಒಂದು ನಿಮಿಷ ನಿಲ್ಲಿಸುವ ಯೋಚನೆ ಬಂತು. ಆದರೆ ಅಷ್ಟರಲ್ಲಿ ಆಸ್ಪತ್ರೆ, ನೀರಿನ ಪಂಪು ಎಲ್ಲವೂ ಕರೆಂಟನ್ನೇ ನಂಬಿದ್ದವು. ಹಾಗಾಗಿ ಅಕ್ಟೋಬರ್ 21ರ ರಾತ್ರಿ ಜನ ತಮ್ಮ ಮನೆಯ ದೀಪಗಳನ್ನು ಮಾತ್ರ ಒಂದು ನಿಮಿಷ ಆರಿಸಿದರು.

ನೂರು ವರ್ಷದ ಬಲ್ಬ್ ಮತ್ತು ಕಂಪನಿಗಳ ಸಂಚು

ಫಾರ್ವರ್ಡ್‌ನಲ್ಲಿ ಬರುವ ಬಲ್ಬ್ ಕ್ಯಾಲಿಫೋರ್ನಿಯಾದ ಲಿವರ್ಮೋರ್ ಊರಿನ ಅಗ್ನಿಶಾಮಕ ಠಾಣೆಯಲ್ಲಿದೆ. 1901ರಿಂದ ಉರಿಯುತ್ತಿದೆ. ಅದು ಎಡಿಸನ್ ಮಾಡಿದ್ದಲ್ಲ, ಒಹಾಯೋದ ಶೆಲ್ಬಿ ಕಂಪನಿಯದ್ದು. ಈಗ ಅದು ಕೊಡುವ ಬೆಳಕು ಸುಮಾರು 4 ವ್ಯಾಟ್‌ನ ಮಲಗುವ ಕೋಣೆಯ ದೀಪದಷ್ಟು. ಎಳೆ ಅಷ್ಟು ಮಂದವಾಗಿ ಕಾಯುವುದರಿಂದ ಸವೆಯುವುದೂ ಕಡಿಮೆ. ಅದನ್ನು ಆರಿಸಿ ಹೊತ್ತಿಸುವುದೂ ಅಪರೂಪ. ಆ ಬೆಳಕಿನಲ್ಲಿ ಪೇಪರ್ ಓದಲು ಆಗುವುದಿಲ್ಲ.

ಸಂಚಿನ ಮಾತು ಪೂರ್ತಿ ಸುಳ್ಳಲ್ಲ. 1924ರ ಕೊನೆಯಲ್ಲಿ ಜಿನೀವಾದಲ್ಲಿ ದೊಡ್ಡ ಬಲ್ಬ್ ಕಂಪನಿಗಳು ಫೀಬಸ್ ಎಂಬ ಒಕ್ಕೂಟ ಮಾಡಿಕೊಂಡು ಬಲ್ಬಿನ ಆಯಸ್ಸನ್ನು 1,000 ಗಂಟೆಗೆ ಇಳಿಸಿದವು, ಮೀರಿದ ಕಂಪನಿಗೆ ದಂಡವನ್ನೂ ಹಾಕಿದವು. ಎರಡನೇ ಮಹಾಯುದ್ಧದೊಂದಿಗೆ ಒಕ್ಕೂಟ ಮುರಿಯಿತು. ಆದರೆ ಎಳೆಯ ಬಲ್ಬಿನಲ್ಲಿ ಆಯಸ್ಸು ಹೆಚ್ಚಿಸಿದರೆ ಅದೇ ಕರೆಂಟಿಗೆ ಬೆಳಕು ಕಡಿಮೆಯಾಗುವುದೂ ಅಷ್ಟೇ ನಿಜ. ವೋಲ್ಟೇಜ್ 5% ಹೆಚ್ಚಾದರೆ ಅಂಥ ಬಲ್ಬಿನ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಎಲ್‌ಇಡಿಗೆ ಬಿಸಿಯೇ ಇಲ್ಲವೇ?

ಇದು ಇನ್ನೊಂದು ತಪ್ಪು ನಂಬಿಕೆ. ಹಳೆಯ ಬುರುಡೆ ಬಲ್ಬ್ ಬಳಸುವ ವಿದ್ಯುತ್ತಿನಲ್ಲಿ 90%ಕ್ಕೂ ಹೆಚ್ಚು ಬಿಸಿಯಾಗಿ ಹೋಗುತ್ತದೆ. ಆದರೆ ಆ ಬಿಸಿಯ ಬಹುಪಾಲು ಕಿರಣಗಳ ರೂಪದಲ್ಲಿ ಗಾಜಿನಾಚೆ ಹೋಗುತ್ತದೆ. ಒಳಗಿರುವುದು ಗಾಜು, ಲೋಹ ಮಾತ್ರ. ಹಾಗಾಗಿ ಮುಚ್ಚಿದ ಗೋಳದಲ್ಲೂ ಅದು ಹೇಗೋ ಬಾಳುತ್ತಿತ್ತು.

ಎಲ್‌ಇಡಿಯ ಒಟ್ಟು ಬಿಸಿ ಬಹಳ ಕಡಿಮೆ. ಆದರೆ ಇರುವ ಬಿಸಿ ಬೆಳಕಿನ ಜೊತೆ ಹೊರಹೋಗುವುದಿಲ್ಲ. ಚಿಪ್‌ನ ಹಿಂಭಾಗದಿಂದ ಬುಡದ ಲೋಹಕ್ಕೆ, ಅಲ್ಲಿಂದ ಸುತ್ತಲಿನ ಗಾಳಿಗೆ ಹೋಗಬೇಕು. ಬುಡದೊಳಗೆ ಡ್ರೈವರ್ ಎಂಬ ಪುಟ್ಟ ಸರ್ಕ್ಯೂಟ್ ಇರುತ್ತದೆ. ಅದರಲ್ಲಿನ ಕೆಪಾಸಿಟರ್‌ಗೆ ಬಿಸಿ ಆಗಿಬರುವುದಿಲ್ಲ. ಬಿಸಿ 10 ಡಿಗ್ರಿ ಹೆಚ್ಚಾದಂತೆಲ್ಲ ಅದರ ಆಯಸ್ಸು ಸುಮಾರು ಅರ್ಧವಾಗುತ್ತದೆ ಎಂಬುದು ಎಂಜಿನಿಯರ್‌ಗಳ ಸ್ಥೂಲ ಲೆಕ್ಕ. 20 ಡಿಗ್ರಿ ಹೆಚ್ಚಾದರೆ ಕಾಲು ಭಾಗ ಮಾತ್ರ ಉಳಿಯಿತು.

ಪೆಟ್ಟಿಗೆಯ ಮೇಲಿನ ಗಂಟೆಗಳ ಲೆಕ್ಕ ಸಾಮಾನ್ಯವಾಗಿ 25 ಡಿಗ್ರಿ ಆಸುಪಾಸಿನ ಗಾಳಿಯಲ್ಲಿ ಪರೀಕ್ಷಿಸಿದ್ದು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ಇರುವಾಗ, ಗಾಳಿಯಾಡದ ಗಾಜಿನೊಳಗೆ ಬಲ್ಬಿನ ಪಾಡು ಏನಾಗಬೇಡ?

ಮುಚ್ಚಿದ ಜಾಗಕ್ಕೆ ಎಂಥ ಬಲ್ಬ್ ಆರಿಸಬೇಕು?

1. ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರ ಓದಿ. ಎನ್‌ಕ್ಲೋಸ್ಡ್ ಫಿಕ್ಸ್ಚರ್‌ಗೆ ಸೂಕ್ತ ಎಂದು ಬರೆದಿದ್ದರೆ ಕೊಳ್ಳಿ. ಅಂಥ ಜಾಗದಲ್ಲಿ ಬಳಸಬೇಡಿ ಎಂದಿದ್ದರೆ ಬಿಡಿ. ಏನೂ ಬರೆದಿರದಿದ್ದರೆ ತೆರೆದ ಹೋಲ್ಡರ್‌ಗೆ ಮಾತ್ರ ಎಂದುಕೊಳ್ಳಿ.

2. ವ್ಯಾಟ್ ಕಡಿಮೆ ಇರಲಿ. ಗೇಟ್, ಮೆಟ್ಟಿಲು, ಬಚ್ಚಲಿಗೆ 5ರಿಂದ 7 ವ್ಯಾಟ್ ಸಾಕು. 12 ಅಥವಾ 15 ವ್ಯಾಟ್‌ನ ಎಲ್‌ಇಡಿಯನ್ನು ಸಣ್ಣ ಗೋಳದೊಳಗೆ ಹಾಕಬೇಡಿ.

3. ಲ್ಯೂಮೆನ್ ನೋಡಿ. ಲ್ಯೂಮೆನ್ ಎಂದರೆ ಬೆಳಕಿನ ಅಳತೆ. ಎರಡೂ 9 ವ್ಯಾಟ್ ಆಗಿದ್ದರೆ ಹೆಚ್ಚು ಲ್ಯೂಮೆನ್ ಇರುವುದು ಹೆಚ್ಚು ಬೆಳಕು, ಕಡಿಮೆ ಬಿಸಿ ಕೊಡುತ್ತದೆ. ಬಿಇಇ ಸ್ಟಾರ್ ಗುರುತು ಹೋಲಿಕೆಗೆ ನೆರವಾಗುತ್ತದೆ.

4. ಹೊಸದಾಗಿ ಹಾಕಿಸುವುದಾದರೆ ಒಳಗೇ ಎಲ್‌ಇಡಿ ಇರುವ ಪೂರ್ತಿ ಫಿಟ್ಟಿಂಗ್ ಯೋಚಿಸಿ. ಅದರ ಲೋಹದ ಬೆನ್ನು ಬಿಸಿಯನ್ನು ಗೋಡೆಯ ಕಡೆಗೆ, ಗಾಳಿಗೆ ಹರಡುತ್ತದೆ. ಹೊರಗಿನ ಜಾಗಕ್ಕೆ ನೀರು ನುಗ್ಗದಂತೆ ಮಾಡಿದ್ದನ್ನೇ ಕೊಳ್ಳಿ.

5. ಹಳೆಯ ಫಿಟ್ಟಿಂಗ್ ಮೇಲೆ ಗರಿಷ್ಠ 60 ವ್ಯಾಟ್ ಎಂದಿದ್ದರೆ, ಅದು ಬುರುಡೆ ಬಲ್ಬಿನ ಕಾಲದಲ್ಲಿ ಹೋಲ್ಡರ್, ವೈರ್ ಸುಡದಂತೆ ಹಾಕಿದ ಮಿತಿ. ಎಷ್ಟು ವ್ಯಾಟ್‌ನ ಎಲ್‌ಇಡಿ ಆದರೂ ನಡೆಯುತ್ತದೆ ಎಂದು ಅರ್ಥವಲ್ಲ.

6. ಬುಡ ಮೇಲಾಗಿ ನೇತಾಡುವ ಬಲ್ಬಿನಲ್ಲಿ ಬಿಸಿಗಾಳಿ ಮೇಲೇರಿ ನೇರ ಡ್ರೈವರ್ ಇರುವ ಕಡೆ ನಿಲ್ಲುತ್ತದೆ. ಅಲ್ಲಿ ವ್ಯಾಟ್ ಇನ್ನೂ ಕಡಿಮೆ ಇರಲಿ, ಗೋಳ ದೊಡ್ಡದಿರಲಿ.

7. ಒಲೆಯಂತೆ ಕಾಯುವ ಓವನ್ನಿನೊಳಗೆ ಎಲ್‌ಇಡಿ ಬೇಡವೇ ಬೇಡ. ಅದಕ್ಕೆ 300 ಡಿಗ್ರಿ ತಡೆಯುವ ಎಳೆಯ ಬಲ್ಬೇ ಬೇಕು. ಎಡಿಸನ್ ಬಲ್ಬಿನ ವಂಶ ಇನ್ನೂ ಗೆಲ್ಲುವ ಜಾಗ ಇದು.

8. ಒಂದೇ ಹೋಲ್ಡರ್‌ನಲ್ಲಿ ಬಲ್ಬ್ ಮತ್ತೆ ಮತ್ತೆ ಹೋದರೆ, ಹೋಲ್ಡರ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಸುಟ್ಟ ವಾಸನೆ ಬಂದರೆ ಎಲೆಕ್ಟ್ರಿಷಿಯನ್ ಕರೆಯಿಸಿ. ಸಡಿಲ ಸಂಪರ್ಕದಿಂದಲೂ ಬಿಸಿ ಹುಟ್ಟುತ್ತದೆ, ಬೆಂಕಿಯೂ ತಗುಲಬಹುದು.

9. ಹಾಕಿದ ದಿನಾಂಕವನ್ನು ಮಾರ್ಕರ್ ಪೆನ್ನಿನಿಂದ ಬಲ್ಬಿನ ಬುಡದ ಮೇಲೆ ಬರೆಯಿರಿ, ಬಿಲ್ ಫೋಟೋ ಇಟ್ಟುಕೊಳ್ಳಿ. ಗ್ಯಾರಂಟಿ ಅವಧಿಯಲ್ಲಿ ಹೋದರೆ ಬದಲಿಸಿಕೊಳ್ಳಬಹುದು. ಮೆನ್ಲೋ ಪಾರ್ಕ್‌ನವರು ಮಾಡುತ್ತಿದ್ದದ್ದೂ ಇದನ್ನೇ, ಗಂಟೆ ಬರೆದಿಡುವುದು.

ಈ ಎರಡು ವಿಡಿಯೋಗಳನ್ನು ನಂಬಬೇಡಿ

ಹೋದ ಎಲ್‌ಇಡಿ ಬಲ್ಬಿನ ಮುಚ್ಚಳ ತೆಗೆದು, ಕಪ್ಪಾದ ಚಿಪ್‌ನ ಎರಡು ಕಡೆಗೆ ಬೆಸುಗೆ ಹಾಕಿದರೆ ಮತ್ತೆ ಉರಿಯುತ್ತದೆ ಎಂದು ತೋರಿಸುವ ವಿಡಿಯೋಗಳಿವೆ. ಉರಿಯುವುದು ನಿಜ. ಆದರೆ ಸತ್ತ ಚಿಪ್‌ನ ಪಾಲಿನ ಹೊರೆ ಉಳಿದವುಗಳ ಮೇಲೆ ಬಿದ್ದು ಅವು ಇನ್ನಷ್ಟು ಕಾಯಬಹುದು. ಅದಕ್ಕಿಂತ ದೊಡ್ಡ ಅಪಾಯ, ಹಲವು ಅಗ್ಗದ ಬಲ್ಬ್‌ಗಳಲ್ಲಿ ಚಿಪ್ ಇರುವ ತಟ್ಟೆಗೂ 230 ವೋಲ್ಟ್‌ನ ಲೈನಿಗೂ ನಡುವೆ ಪ್ರತ್ಯೇಕಿಸುವ ರಕ್ಷಣೆ ಇರುವುದಿಲ್ಲ. ಮುಚ್ಚಳವಿಲ್ಲದ ಬಲ್ಬನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ, ಜೀವಕ್ಕೇ ಕುತ್ತು.

ಬಿಸಿ ಹೋಗಲೆಂದು ಹೊರಗಿನ ಲೈಟಿಗೆ ತೂತು ಕೊರೆಯುವ ಸಲಹೆಯೂ ಬೇಡ. ಮಳೆ ನೀರು, ಹುಳು ಒಳಸೇರಿ ಶಾರ್ಟ್ ಆಗುತ್ತದೆ. ಬಲ್ಬ್ ಬದಲಿಸುವಾಗ ಸ್ವಿಚ್ ಆರಿಸಿ, ತಣಿಯಲು ಬಿಟ್ಟು ಆಮೇಲೆ ಮುಟ್ಟಿ.

ನಮ್ಮ ತೀರ್ಮಾನ

ಆಗಿನ ಬಲ್ಬ್ ಗಟ್ಟಿ, ಈಗಿನದೆಲ್ಲ ಮೋಸ ಎಂಬ ಮಾತು ದಾರಿ ತಪ್ಪಿಸುವಂಥದ್ದು. ಎಡಿಸನ್ ಅವರ ನೂಲಿನ ಬಲ್ಬ್ ಒಂದು ದಿನವೂ ಬಾಳಲಿಲ್ಲ, ಬಿದಿರಿನದ್ದು 1,200 ಗಂಟೆ ಬಾಳಿತು. ಸರಿಯಾದ ಜಾಗದಲ್ಲಿರುವ ಒಳ್ಳೆಯ ಎಲ್‌ಇಡಿ ಅದರ ಹತ್ತಾರು ಪಟ್ಟು ಬಾಳಬಲ್ಲದು. ತಪ್ಪಿದ ಜಾಗದಲ್ಲಿ ಅದೂ ಬೇಗ ಸೋಲುತ್ತದೆ. ಮುಂದಿನ ಸಲ ಗೇಟಿನ ಲೈಟ್ ಹೋದಾಗ ಅದೇ ಬಲ್ಬನ್ನು ಮತ್ತೆ ತರುವ ಬದಲು, ಗೋಳದೊಳಗೆ ಎಷ್ಟು ಗಾಳಿಯಿದೆ, ಬಲ್ಬ್ ಎಷ್ಟು ವ್ಯಾಟ್ ಎಂದು ಒಮ್ಮೆ ನೋಡಿ. ಅಪ್ಪ ಅಮ್ಮ ರಾತ್ರಿ ಹತ್ತಿ ಇಳಿಯುವ ಮೆಟ್ಟಿಲ ಮೇಲಿನ ಬಲ್ಬ್ ಆಗಿದ್ದರಂತೂ ನಾಳೆಗೆ ಬಿಡಬೇಡಿ. ಮನೆಯವರ ಗುಂಪಿಗೆ ಏನಾದರೂ ಕಳಿಸುವುದಿದ್ದರೆ, ಪತ್ರದ ಸುಳ್ಳು ಕಥೆಗಿಂತ ಮೇಲಿನ ಒಂಬತ್ತು ಅಂಶಗಳನ್ನು ಕಳಿಸಿ.